ರತ್ನಿ ಎಣಿಸಿದ ಎರೆಹುಳುಗಳು

ಅತಿಯಾಗಿ ಕಳಿತ ರಸಬಾಳೆಯ ವಾಸನೆ ಎಲ್ಲಿ ಮೂಗಿಗೆ ಬಿದ್ದರೂ ಹೆಮ್ಮಿಗೆಯ ನಮ್ಮ ಮನೆಯ ಹಿತ್ತಿಲ ಜಗಲಿ ಕಣ್ಣೆದುರು ಬರುತ್ತದೆ. ಆ ಮನೆ ಈಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೆಡವಿ ಜಾಗ ಕೊಟ್ಟುಬಿಟ್ಟೆವು. ನೆರಳಿನಲ್ಲಿ ಸಾಲಾಗಿಟ್ಟ ನಾಲ್ಕು ಡಬ್ಬಗಳು, ಒದ್ದೆ ಮಣ್ಣಿನ ತಂಪು, ಗೋಡೆಗೊರಗಿ ಕೂತ ನನ್ನ ತಂಗಿ ರತ್ನಿಯ ಊದಿದ ಪಾದಗಳು, ಇಷ್ಟು ನನ್ನಲ್ಲಿ ಉಳಿದಿವೆ. ಹುಟ್ಟಿದ ಮನೆ ಕಳೆದುಕೊಂಡವರಿಗೆ ಗೊತ್ತು, ಉಳಿಯುವುದು ಇಂಥ ಚೂರುಪಾರುಗಳೇ.

ನಾನಾಗ ಏಳನೇ ಕ್ಲಾಸು, ರತ್ನಿಗೆ ಎಂಟು ವರ್ಷ. ಅವಳ ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆರಡು ಸಲ ಅವ್ವ ಅವಳನ್ನು ಸೊಂಟದ ಮೇಲೆ ಹೊತ್ತು ನರಸೀಪುರಕ್ಕೆ ಹೋಗಿ, ಅಲ್ಲಿಂದ ಮೈಸೂರಿನ ಬಸ್ಸು ಹಿಡಿದು ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಮಗುವಿಗೆ ಕುಡಿಯುವ ನೀರೂ ಅಳತೆಯದು. ಉಪ್ಪಿಲ್ಲದ ಅನ್ನ ಕಂಡರೆ ಅವಳು ಮುಖ ತಿರುಗಿಸುತ್ತಿದ್ದಳು. ಬಾಳೆಹಣ್ಣು, ಎಳನೀರು ಮಾತ್ರ ಕೊಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮ ಹಿತ್ತಿಲಲ್ಲೇ ರಸಬಾಳೆ ಗಿಡಗಳಿದ್ದವು.

ಆ ವರ್ಷ ವಿಜ್ಞಾನದ ಮೇಷ್ಟ್ರು ಎರೆಹುಳುಗಳಿಗೆ ಯಾವ ಆಹಾರ ಹಿಡಿಸುತ್ತದೆ ಎಂದು ನೋಡಿ ಬರೆದು ತರಲು ಹೇಳಿದರು. ಗದ್ದೆಯ ಬದುವಿನಲ್ಲಿ ಅಗೆದು ತಂದು ಡಬ್ಬಕ್ಕೆ ಹತ್ತರಂತೆ ಬಿಟ್ಟೆ. ಒಂದಕ್ಕೆ ಬಾಳೆಸಿಪ್ಪೆ, ಒಂದಕ್ಕೆ ಸೊಪ್ಪಿನ ಕಡ್ಡಿ, ಒಂದಕ್ಕೆ ನಿಂಬೆಸಿಪ್ಪೆ, ಇನ್ನೊಂದಕ್ಕೆ ಮಿಕ್ಕ ಸಾರನ್ನ. ಎಣಿಸುವ ಕೆಲಸವನ್ನು ರತ್ನಿ ತಾನೇ ಕೇಳಿ ತೆಗೆದುಕೊಂಡಳು. ಸಾರನ್ನದವು ನಾಲ್ಕೇ ದಿನಕ್ಕೆ ಸತ್ತು ನಾರಿದವು. ನಿಂಬೆಯ ಡಬ್ಬದವು ಮಣ್ಣು ಬಿಟ್ಟು ಅಂಚಿಗೆ ಹತ್ತಿ ಒಣಗಿದವು. ಸೊಪ್ಪಿನವು ಹೇಗೋ ಬದುಕಿದ್ದವು. ಬಾಳೆಸಿಪ್ಪೆಯವು ಮಾತ್ರ ಮಿರಿಮಿರಿ ಮಿಂಚುತ್ತ ದಪ್ಪಗಾದವು. ಒಂದೂವರೆ ತಿಂಗಳಿಗೆ ದಾರದೆಳೆಯಂಥ ಮರಿಗಳೂ ಕಂಡವು.

“ಮರಿ ಆಕವೆ ಕಣಕ್ಕ,” ಎಂದಳು ರತ್ನಿ. ಆಮೇಲೆ, ಮಣ್ಣಾದ ಬೆರಳನ್ನೇ ನೋಡುತ್ತ, “ನಂಗೂ ಅದೇ ಕೊಟ್ರೆ ಉಸಾರಾಯ್ತೀನಾ?”

ಆ ವಾರವೆಲ್ಲ ಅವಳು ತಿಂದದ್ದನ್ನು ಕಕ್ಕಿದ್ದಳು. ಬೇಡವೆಂದ ಡಾಕ್ಟರಿಗಿಂತ ಕಣ್ಣಾರೆ ಕಂಡ ಹುಳುಗಳನ್ನೇ ನಾನು ನಂಬಿದೆ. ದಿನಕ್ಕೊಂದರಂತೆ ಮೂರು ದಿನ, ಅವ್ವ ಇಲ್ಲದ ಹೊತ್ತು ನೋಡಿ ಹಣ್ಣು ಕೊಟ್ಟೆ. ಅವಳು ಕಣ್ಣು ಮುಚ್ಚಿ ತಿಂದಳು, ಒಂದನ್ನೂ ಕಕ್ಕಲಿಲ್ಲ. ಬೆಳಗಾದರೆ ಅವಳ ಕೆನ್ನೆ ತುಂಬಿದೆಯೇ ಎಂದು ನೋಡುತ್ತಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ, ಕಾಲು ಎತ್ತೋಕಾಗಲ್ಲ ಎಂದು ಜಗಲಿಯಲ್ಲೇ ಕುಸಿದಳು. ಪಕ್ಕದ ಮನೆಯವರ ಕಾರಿನಲ್ಲಿ ಕರೆದುಕೊಂಡು ಹೊರಟರು. ಮೈಸೂರು ಮುಟ್ಟುವ ಮೊದಲೇ ಅವ್ವನ ತೊಡೆಯ ಮೇಲೆ ಹೋಗಿಬಿಟ್ಟಳಂತೆ.

ಡಬ್ಬಗಳನ್ನು ಕಾಲುವೆಯ ದಡದಲ್ಲಿ ಸುರಿದು ಬಂದೆ. ಮೇಷ್ಟ್ರು ಕೇಳಿದಾಗ ಇರುವೆ ಮುತ್ತಿಕೊಂಡವು ಎಂದೆ. ನಿಜವನ್ನು ಯಾರಿಗೂ ಹೇಳಲಿಲ್ಲ. ಬಾಳೆಹಣ್ಣು, ಎಳನೀರಿನಲ್ಲಿರುವ ಪೊಟ್ಯಾಸಿಯಂ ಕಿಡ್ನಿ ಸೋತವರ ಗುಂಡಿಗೆಯನ್ನೇ ನಿಲ್ಲಿಸಬಲ್ಲದು ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಮದುವೆಯಾಗಿ ನಂಜನಗೂಡಿಗೆ ಬಂದು, ಅವ್ವನನ್ನೂ ಕರೆತಂದು ಎಷ್ಟೋ ವರ್ಷಗಳಾದ ಮೇಲೆ, ಅವಳು ಸೊಪ್ಪು ಸೋಸುತ್ತಿದ್ದಾಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ.

ಅವ್ವನ ಕೈ ನಿಂತಿತು. ಹಿಡಿದಿದ್ದ ಕಡ್ಡಿಯನ್ನು ಮೊರಕ್ಕೆ ಹಾಕಿ ಹೇಳಿದಳು: “ನಾನೂವೆ ಎಳನೀರು ಕುಡಿಸ್ಬುಟ್ಟಿದ್ದೆ ಕಣವ್ವ. ಅದೇ ವಾರ, ನೀನು ಇಸ್ಕೂಲಿಗೋದ ಮ್ಯಾಲೆ. ನಾಲ್ಗೆ ಒಣಗ್ತದೆ ಅಂತ ಕಾಲಿಡ್ಕಂಡ್ಳು.”

ಅದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹೋದ ವರ್ಷ ಅವ್ವನೂ ತೀರಿಕೊಂಡಳು. ಅದು ನಿನ್ನ ತಪ್ಪಲ್ಲವ್ವ ಎಂದು ಆವತ್ತೇ ಹೇಳಬೇಕಿತ್ತು.