ಬುಟ್ಟಿ ಸಮೇತ ಹೋದ ಸೀಬೆಹಣ್ಣು

ಐದು ಸೀಬೆಹಣ್ಣು, ಒಂದು ಬಿದಿರಿನ ಬುಟ್ಟಿ. ಏಳನೇ ಕ್ಲಾಸಿನ ಹುಡುಗಿಯ ಒಗಟಿಗೆ ಪಂದ್ಯ ಒಪ್ಪಿದ್ದಕ್ಕೆ ನಾನು ತೆತ್ತದ್ದು ಇಷ್ಟು. ಗೋಕುಲಂನಲ್ಲಿ ಶಾಲೆ ಬಿಡುವ ಹೊತ್ತಿಗೆ ಮೊಪೆಡ್ ನಿಲ್ಲಿಸಿ ಹಣ್ಣು ಮಾರುವ ನಾನು ಇದುವರೆಗೆ ಯಾರಿಗೂ ಒಂದು ಹಣ್ಣು ಕೊಸರು ಕೊಟ್ಟವನಲ್ಲ.

"ಅಂಕಲ್, ಬುಟ್ಟೀಲಿ ಐದು ಹಣ್ಣಿದೆ, ನಾವೂ ಐದು ಜನ. ಎಲ್ರಿಗೂ ಒಂದೊಂದು ಕೊಡ್ಬೇಕು, ಬುಟ್ಟೀಲೂ ಒಂದು ಉಳೀಬೇಕು. ನಿಮ್ಗಾಗದೆ ನಾನು ಮಾಡಿ ತೋರಿಸಿದ್ರೆ ಹಣ್ಣು ನಮ್ಗೆ," ಎಂದಳು.

ನಾನು ಚಾಕು ತೆಗೆದೆ.

"ಕುಯ್ಯಂಗಿಲ್ಲ."

ಐವರಿಗೂ ಎರಡು ಸಲ ಹಂಚಿ, ಎರಡು ಸಲವೂ ವಾಪಸ್ ಇಸ್ಕೊಂಡೆ. "ಆಗದ ಮಾತು ಕಣಮ್ಮ. ನೀನೇ ಮಾಡ್ಬುಡು, ತಗೊಂಡೋಗು," ಎಂದೆ.

ನಾಲ್ವರು ಗೆಳತಿಯರ ಕೈಗೆ ಒಂದೊಂದು ಹಣ್ಣು ಕೊಟ್ಟಳು. ಐದನೆಯದನ್ನು ಮುಟ್ಟದೆ ಬುಟ್ಟಿಯನ್ನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಇದು ನಂದು. ಬುಟ್ಟೀಲೂ ಒಂದು ಉಳೀತಲ್ವಾ?"

"ಸರಿ, ಬುಟ್ಟಿ ಕೆಳಗಿಡಮ್ಮ, ಮೂಟೇಲಿರೋ ಹಣ್ಣು ಹಾಕಿ ವ್ಯಾಪಾರ ಮಾಡ್ಬೇಕು."

"ಹಣ್ಣು ತೆಗೆದು ಬುಟ್ಟಿ ಇಟ್ರೆ ಉತ್ತರ ತಪ್ಪಾಗುತ್ತೆ ಅಂಕಲ್. ಬುಟ್ಟಿ ಕೊಸರು ಅಂದ್ಕೊಳಿ."

ಅಂದು ಮೂಟೆಯಲ್ಲಿ ಉಳಿದಿದ್ದ ಹಣ್ಣನ್ನೆಲ್ಲ ಹೆಲ್ಮೆಟ್ಟಿನಲ್ಲಿ ಜೋಡಿಸಿಟ್ಟು ಮಾರಿದೆ.

ಮಕ್ಕಳ ಜೊತೆ ಪಂದ್ಯ ಕಟ್ಟುವ ಮೊದಲು, ಸೋತರೆ ಏನೇನು ಹೋಗುತ್ತದೆ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ನನ್ನ ಹೊಸ ಬುಟ್ಟಿಯನ್ನು ಮೊಪೆಡ್ಡಿಗೆ ಹಗ್ಗದಿಂದ ಬಿಗಿದಿದ್ದೇನೆ. ಈಗ ಅದೇ ಒಗಟನ್ನು ದೊಡ್ಡವರಿಗೆ ಹಾಕುತ್ತೇನೆ, ಒಂದು ಕೆಜಿ ಕೊಂಡವರಿಗೆ ಮಾತ್ರ ಉತ್ತರ. ನೀವು ಪುಕ್ಕಟೆ ಓದಿಬಿಟ್ಟಿದ್ದೀರಿ. ನನ್ನ ಹತ್ತಿರ ಬಂದಾಗ ದಯವಿಟ್ಟು ಗೊತ್ತಿಲ್ಲದವರ ಹಾಗೆ ನಿಂತುಕೊಳ್ಳಿ.