ವಾರಿಜಾಕ್ಷಿ ಮೇಡಮ್ಮನ ಹಾಜರಿ ಪುಸ್ತಕ

ವಾರಿಜಾಕ್ಷಿ ಮೇಡಂ ಯಾರನ್ನೂ ಸುಲಭವಾಗಿ ನಂಬುವವರಲ್ಲ. ವಿದ್ಯಾರ್ಥಿ ತಂದ ಮೆಡಿಕಲ್ ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಜ್ಜಿ ತೀರಿಕೊಂಡರೆಂದು ರಜೆ ಕೇಳಿದರೆ ಅಮ್ಮನ ಕಡೆಯ ಅಜ್ಜಿಯೋ ಅಪ್ಪನ ಕಡೆಯವರೋ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳುತ್ತಿದ್ದರು. ಅದೇ ಅಜ್ಜಿ ಮುಂದಿನ ವರ್ಷ ಮತ್ತೊಮ್ಮೆ ತೀರಿಕೊಂಡದ್ದನ್ನು ಅವರು ಎರಡು ಸಲ ಹಿಡಿದದ್ದುಂಟು.

ಮಂಗಳೂರಿನ ನಮ್ಮ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಹದಿನೆಂಟು ವರ್ಷ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಗದ್ದೆ ಕೆಲಸ ಮಾಡಿದ ಮನೆಯಿಂದ ಬಂದು, ಅಣ್ಣ ದುಬೈಯಿಂದ ಕಳಿಸಿದ ಹಣದಲ್ಲಿ ಎಂ.ಎ. ಮುಗಿಸಿದವರು ಅವರು. ಓದಲು ಅವಕಾಶ ಸಿಕ್ಕಿಯೂ ಓದದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಳ್ಳಾಟ ಹಿಡಿಯುವುದು ಅಧ್ಯಾಪಕರ ಅರ್ಧ ಕೆಲಸ ಎಂದೇ ತಿಳಿದಿದ್ದರು.

ಮೂರು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರಿನಲ್ಲಿ ಕಾಲೇಜು ಎಂದಿನಂತೆ ವಿದ್ಯಾರ್ಥಿಗಳಿಂದ ಹೆಸರಿಲ್ಲದ ಫೀಡ್‌ಬ್ಯಾಕ್ ಪಡೆಯಿತು. ಫೋನಿಗೆ ಲಿಂಕ್ ಹೋಗುತ್ತದೆ, ಅವರು ಬರೆಯುತ್ತಾರೆ, ಒಂದು ವಾರದ ಮೇಲೆ ಅದರ ಪ್ರಿಂಟ್ ನಮ್ಮ ಕೈಗೆ ಬರುತ್ತದೆ. ವಾರಿಜಾಕ್ಷಿ ಮೇಡಂ ಆ ಹಾಳೆಯನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲೆ ಇಟ್ಟರು. ಎರಡನೇ ವರ್ಷದ ಬಿ.ಕಾಂ.ನ ಯಾರೋ ಕನ್ನಡದಲ್ಲಿ ಬರೆದಿದ್ದರು: "ಮೇಡಂ ಪಾಠ ಮಾಡುವುದು ಬೊರ್ಡಿಗೆ. ನಾವು ಇಲ್ಲದಿದ್ದರೂ ಅವರಿಗೆ ತಿಳಿಯುವುದಿಲ್ಲ."

"ಇದು ಯಾರು ಬರೆದದ್ದು ಮಾಸ್ಟ್ರೇ?"

"ಹೆಸರಿಲ್ಲವಲ್ಲ ಮೇಡಂ."

"ಬೋರ್ಡಿಗೆ ದೀರ್ಘ ಇಲ್ಲ, ನೋಡಿದ್ರಾ? ಸಂಚಿತಾ ಅಸೈನ್‌ಮೆಂಟಿನಲ್ಲಿ ಕೋಷ್ಟಕಕ್ಕೂ ದೀರ್ಘ ಹಾಕ್ಲಿಲ್ಲ."

ಅರ್ಧ ಕ್ಲಾಸು ಹಾಗೆಯೇ ಬರೆಯುತ್ತದೆ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ನನ್ನ ಮುಖವನ್ನೇ ನೋಡಿ, "ನಿಮಗೆ ಗೊತ್ತಿದ್ದು ಹೇಳ್ತಾ ಇಲ್ಲ ಅಂತ ಅಲ್ಲವಲ್ಲ?" ಎಂದರು. ಆ ವಾರವಿಡೀ ನಾನು ವಿದ್ಯಾರ್ಥಿಗಳೊಡನೆ ಕಾರಿಡಾರಿನಲ್ಲಿ ನಿಂತು ಮಾತಾಡಿದಾಗೆಲ್ಲ ಅವರು ಬಾಗಿಲಿನವರೆಗೆ ಬಂದು ನೋಡಿ ಹೋಗುತ್ತಿದ್ದರು.

ಸಂಚಿತಾ ಮಣ್ಣಗುಡ್ಡದ ಹುಡುಗಿ. ಅವಳ ತಂದೆಗೆ ಎರಡು ಹೋಟೆಲುಗಳಿದ್ದವು. ಚುರುಕು, ಆದರೆ ಅಂಜಿಕೆಯಿಲ್ಲದ ಮಾತು. ಆಗಸ್ಟಿನಲ್ಲಿ ಪಾಠದ ನಡುವೆ ಫೋನು ಹಿಡಿದು ಸಿಕ್ಕಿಬಿದ್ದು ಬೈಸಿಕೊಂಡಿದ್ದಳು. ಅದರ ಸೇಡು ತೀರಿಸಿದ್ದಾಳೆ ಎಂದು ಮೇಡಂ ಲೆಕ್ಕ ಹಾಕಿದರು. ಮರುದಿನ ಕ್ಲಾಸಿನಲ್ಲಿ ಎಲ್ಲರೆದುರು, "ಮುಖ ಮರೆಸಿಕೊಂಡು ಬರೆಯುವವರಿಗೆ ನನ್ನೆದುರು ನಿಂತು ಮಾತಾಡುವ ಧೈರ್ಯ ಉಂಟಾ ಸಂಚಿತಾ?" ಎಂದು ಕೇಳಿದರು. ಅವಳು ಎದ್ದು ನಿಂತಳು. "ನಾನು ಎಂತ ಬರೆದಿದ್ದೇನೆ ಮೇಡಂ?" ಎಂದಳು. ಮೇಡಂ ಅವಳಿಗೆ ಕುಳಿತುಕೊಳ್ಳಲು ಹೇಳಿದರು. ಆ ತಿಂಗಳ ಇಂಟರ್ನಲ್ಸ್‌ನಲ್ಲಿ ಅವಳಿಗೆ ಬರಬೇಕಾದ್ದಕ್ಕಿಂತ ಮೂರು ಅಂಕ ಕಡಿಮೆ ಬಂತು. ಕಡಿಮೆ ಕೊಟ್ಟದ್ದು ಬೇಕೆಂದೇ ಎಂದು ಮೇಡಂ ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ.

ಆದರೂ ಪುರಾವೆ ಬೇಕಿತ್ತು. ಅದಕ್ಕೊಂದು ಉಪಾಯ ಮಾಡಿದರು. ಪಾಠ ಮುಗಿಯಲು ಐದು ನಿಮಿಷ ಇರುವಾಗ ಅರವತ್ತೆರಡು ಮಂದಿಗೂ ಒಂದೊಂದು ಚೀಟಿ ಹಂಚಿದರು. ಇವತ್ತು ನಿಮಗೆ ಅರ್ಥವಾಗದ್ದು ಯಾವುದು, ಕನ್ನಡದಲ್ಲಿ ಎರಡು ವಾಕ್ಯ ಬರೆಯಿರಿ, ಹೆಸರು ಹಾಕಿ ಎಂದರು. ಅವರಿಗೆ ಬೇಕಾದದ್ದು ವಾಕ್ಯದ ಧಾಟಿ, ದೀರ್ಘ ಬಿಟ್ಟ ಒ.

ಚೀಟಿಗಳನ್ನು ಸ್ಟಾಫ್ ರೂಮಿಗೆ ತಂದು ಹರಡಿಕೊಂಡು ಕುಳಿತರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ದೀರ್ಘ ಬಿಟ್ಟವರೇ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸಿಕ್ಕಿದರು. ಪತ್ತೇದಾರಿಕೆ ಅಲ್ಲಿಗೆ ಕೆಟ್ಟಿತು. ಆದರೆ ಅವರು ಚೀಟಿ ಓದುವುದನ್ನು ನಿಲ್ಲಿಸಲಿಲ್ಲ. ನಲವತ್ತೊಂದು ಮಂದಿ ಒಂದೇ ಮಾತು ಬರೆದಿದ್ದರು. ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೆ ಏನೆಂದೇ ತಿಳಿಯಲಿಲ್ಲ. ಎರಡು ವಾರದಿಂದ ಅದನ್ನೇ ಪಾಠ ಮಾಡುತ್ತಿದ್ದರು ಮೇಡಂ.

"ಇವರೆಲ್ಲ ಸೇರಿ ಆಟ ಆಡಿಸ್ತಾ ಇದ್ದಾರಾ ಮಾಸ್ಟ್ರೇ?" ಎಂದು ಕೇಳಿದರು. ಈ ಸಲ ದನಿಯಲ್ಲಿ ಮೊದಲಿನ ಬಲ ಇರಲಿಲ್ಲ.

ಕೊನೆಯ ಕಟ್ಟಿನಲ್ಲಿ ಇಮ್ತಿಯಾಝ್ ಎಂಬವನ ಚೀಟಿ ಇತ್ತು. "ಆಗಸ್ಟಿನಲ್ಲಿ ಮೂರು ವಾರ ನಾನು ಕ್ಲಾಸಿಗೆ ಬರಲಿಲ್ಲ. ಅಲ್ಲಿಂದ ಈಚೆಗಿನದು ಯಾವುದೂ ಅರ್ಥವಾಗುತ್ತಿಲ್ಲ." ಮೇಡಂ ಹಾಜರಿ ಪುಸ್ತಕ ತೆರೆದರು. ಮೂವತ್ತೇಳನೇ ನಂಬರು, ಇಮ್ತಿಯಾಝ್. ಆಗಸ್ಟ್ ಪೂರ್ತಿ ಹಾಜರಿ, ಅದರ ಕೆಳಗೆ ಅವರದೇ ಸಹಿ. ತಲೆ ತಗ್ಗಿಸಿಕೊಂಡು ನಂಬರು ಕರೆಯುವುದು ಅವರ ರೂಢಿ. ಮೂವತ್ತೇಳು ಎಂದಾಗ ಹಿಂದಿನಿಂದ ಯಾವುದೋ ಗಂಡು ದನಿ ಪ್ರೆಸೆಂಟ್ ಮೇಡಂ ಎಂದಿತ್ತು, ಹದಿಮೂರು ಸಲ.

ಮೊದಲು ಬಂದದ್ದು ಅನುಮಾನವೇ. ತನ್ನನ್ನು ಸಿಕ್ಕಿಸಲು ಹೀಗೆ ಬರೆದಿರಬೇಕು ಎಂದುಕೊಂಡು ಅವನನ್ನು ಕರೆಸಿದರು. ಬಂದವನು ಮೇಜಿನ ಆಚೆ ನಿಂತ. ತೆಳ್ಳಗಿನ ಹುಡುಗ. ನಾನೂ ಅವನಿಗೆ ಪಾಠ ಮಾಡುತ್ತಿದ್ದೆ, ಆದರೆ ದಾರಿಯಲ್ಲಿ ಸಿಕ್ಕಿದ್ದರೆ ಗುರುತಿಸುತ್ತಿರಲಿಲ್ಲ.

"ಎಲ್ಲಿಗೆ ಹೋಗಿದ್ದೆ?"

"ಕಂಕನಾಡಿಯಲ್ಲಿ ದೊಡ್ಡಪ್ಪನ ಮಗನ ಮೊಬೈಲ್ ಅಂಗಡಿ ಉಂಟು ಮೇಡಂ, ಅಲ್ಲಿಗೆ. ಕಾಲೇಜು ಬಿಡುವ ಅಂತ ಇದ್ದೆ."

"ಯಾಕೆ?"

"ಎಂತದೂ ತಲೆಗೆ ಹೋಗ್ತಿರ್ಲಿಲ್ಲ. ಪಾಸ್ ಆಗುದಿಲ್ಲ ಅಂತ ಗೊತ್ತಿತ್ತು."

"ನನ್ನ ಹತ್ತಿರ ಹೇಳ್ಬಹುದಿತ್ತಲ್ಲ. ನಿನ್ನ ಮೆಂಟರ್ ಯಾರು?"

"ನೀವೇ ಮೇಡಂ."

ಕಾಲೇಜಿನ ನಿಯಮದಂತೆ ಪ್ರತಿ ಅಧ್ಯಾಪಕರಿಗೆ ಮೆಂಟರ್ ಆಗಿ ಇಪ್ಪತ್ತು ಮಂದಿಯ ಹೊಣೆ. ತಿಂಗಳಿಗೊಮ್ಮೆ ಅವರನ್ನು ಕೂರಿಸಿ ಮಾತಾಡಬೇಕು. ಮಾತಾಡಿದ್ದೇವೆಂದು ಫಾರಂ ತುಂಬಿಸಿ ಕೊಡುತ್ತಿದ್ದೆವು, ನಾವೆಲ್ಲ. ಇಮ್ತಿಯಾಝನ ಆಗಸ್ಟ್ ಫಾರಂ ಮೇಡಮ್ಮನ ಡ್ರಾಯರಿನಲ್ಲೇ ಇತ್ತು. "ಓದಿನಲ್ಲಿ ಆಸಕ್ತಿ ಉಂಟು" ಎಂದು ಅವರೇ ಬರೆದಿದ್ದರು.

ಫೀಡ್‌ಬ್ಯಾಕ್ ನೀನು ಬರೆದದ್ದಾ ಎಂದು ಕೇಳಿದರು. ಅಲ್ಲ ಎಂದ. ಅಂಗಡಿಗೆ ಸೇರಿದ ದಿನವೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದ ಹೊರಬಂದಿದ್ದ, ಮತ್ತೆ ಸೇರದ್ದರಿಂದ ಲಿಂಕೇ ಸಿಕ್ಕಿರಲಿಲ್ಲ. ಹಾಗಾದರೆ ವಾಪಸು ಯಾಕೆ ಬಂದೆ ಎಂದರು. "ಸಂಚಿತಾ ಬೋರ್ಡಿನ ಫೋಟೊ ಕಳಿಸ್ತಾ ಇದ್ಳು ಮೇಡಂ. ಪರೀಕ್ಷೆಗಾದ್ರೂ ಬಾ ಮಾರಾಯ ಅಂತ ದಿನಾ ಮೆಸೇಜು. ಒಂದು ದಿನ ನಿಮ್ಮ ಕೈಗೆ ಸಿಕ್ಕಿಬಿದ್ಳಂತೆ."

ಅವನನ್ನು ಕಳುಹಿಸಿದ ಮೇಲೆ ಮೇಡಂ ಹಾಜರಿ ಪುಸ್ತಕವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಹಾಜರಿ ಕೂಗಿದವನು ಯಾರೆಂದು ಕೇಳಲೇ ಇಲ್ಲವಲ್ಲ ಎಂದೆ. "ಕೇಳಿ ಎಂತ ಮಾಡ್ಲಿ? ಸಹಿ ಹಾಕಿದ್ದು ನಾನಲ್ಲವಾ?" ಎಂದರು.

ಮರುದಿನ ಕ್ಲಾಸಿನಲ್ಲಿ ಅವರು ಸಂಚಿತಾಳ ಕ್ಷಮೆ ಕೇಳಿದರು. ಆರೋಪ ಮಾಡಿದ್ದು ಎಲ್ಲರೆದುರು, ಹಾಗಾಗಿ ಕ್ಷಮೆಯೂ ಎಲ್ಲರೆದುರೇ. ಮೂರು ಅಂಕವನ್ನೂ ಸರಿಪಡಿಸಿದರು. ಅವಳು "ಆಯ್ತು ಮೇಡಂ" ಎಂದಳು, ಅಷ್ಟೇ. ವರ್ಷ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲೇ ಕುಳಿತಳು. ಮೇಡಂ ಪ್ರಶ್ನೆ ಕೇಳಿದರೆ ಉತ್ತರ ಹೇಳುವಳು, ನಗುತ್ತಿರಲಿಲ್ಲ.

ಹಾಜರಿಯದು ಅಷ್ಟು ಸುಲಭವಿರಲಿಲ್ಲ. ಪುಸ್ತಕ ತಿದ್ದಬೇಕೆಂದು ಮೇಡಂ ಪ್ರಿನ್ಸಿಪಾಲ್ ಬೊನಿಫಾಸ್ ಸರ್ ಹತ್ತಿರ ಹೋದರು. ಸರ್ ಬಾಗಿಲು ಮುಚ್ಚಿಸಿದರಂತೆ.

"ಇದನ್ನು ಈಗ ಯಾಕೆ ಎತ್ತುತ್ತೀರಿ? ಹಿಂದೆ ಯಾರಿದ್ದಾರೆ? ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಉಂಟು, ಗೊತ್ತುಂಟಲ್ಲ?"

"ಯಾರೂ ಇಲ್ಲ ಸರ್. ಸುಳ್ಳು ನನ್ನ ಸಹಿಯ ಮೇಲೆ ಉಂಟು."

"ನಿಮ್ಮದು ತಿದ್ದಿದ್ರೆ ಉಳಿದ ನಾಲ್ವರದ್ದು?"

ಅದೇ ಕ್ಲಾಸಿಗೆ ಪಾಠ ಮಾಡುತ್ತಿದ್ದ ಆ ನಾಲ್ವರಲ್ಲಿ ನಾನೂ ಒಬ್ಬ. ನನ್ನ ಪುಸ್ತಕದಲ್ಲೂ ಇಮ್ತಿಯಾಝ್ ಆಗಸ್ಟ್ ಪೂರ್ತಿ ಹಾಜರಿದ್ದ. ಸುದ್ದಿ ಹಬ್ಬಿದ ಮೇಲೆ ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆಯಾಯಿತು. ಮೇಡಂ ಒಳಗೆ ಬಂದರೆ ಕೆಲವರು ತಮ್ಮ ಪುಸ್ತಕವನ್ನು ಡ್ರಾಯರಿಗೆ ಸರಿಸುತ್ತಿದ್ದರು. ಅನುಮಾನಿಸುತ್ತಿದ್ದವರನ್ನೇ ಈಗ ಎಲ್ಲರೂ ಅನುಮಾನಿಸಿದರು. ನನ್ನ ಪುಸ್ತಕವನ್ನು ನಾನು ತಿದ್ದಲಿಲ್ಲ. ಇದನ್ನು ಹೇಳದೆ ಅವರ ಕಥೆ ಹೇಳುವುದು ಸರಿಯಲ್ಲ.

ಅವರು ತಿದ್ದಿದರು. ಸರ್ವಿಸ್ ಫೈಲಿಗೆ ಒಂದು ಮೆಮೊ ಸೇರಿತು. ಇಮ್ತಿಯಾಝನ ಹಾಜರಿ ಶೇಕಡಾ ಅರವತ್ತೆಂಟಕ್ಕೆ ಇಳಿದು, ಬೇಕಾದ ಎಪ್ಪತ್ತೈದು ಇಲ್ಲದ್ದರಿಂದ ಅರ್ಥಶಾಸ್ತ್ರ ಪರೀಕ್ಷೆಗೆ ಕೂರಲಾಗಲಿಲ್ಲ. ಅವನು ಸಿಟ್ಟಿನಿಂದ ಬಂದು, "ನಾನು ಸುಮ್ಮನಿದ್ದಿದ್ರೆ ಆಗ್ತಿತ್ತು ಮೇಡಂ" ಎಂದ. "ಹೌದು, ಆಗ್ತಿತ್ತು" ಎಂದರು ಅವರು. "ಶನಿವಾರ ಎರಡು ಗಂಟೆಗೆ ಬಾ. ಮೊದಲಿನಿಂದ ಹೇಳಿಕೊಡ್ತೇನೆ." ಮೊದಲ ಎರಡು ಶನಿವಾರ ಅವನು ಬರಲಿಲ್ಲ. ಮೇಡಂ ಕಂಕನಾಡಿಯ ಅಂಗಡಿಗೇ ಹೋಗಿ, ಫೋನಿಗೆ ಗ್ಲಾಸ್ ಹಾಕಿಸಿಕೊಂಡು, ಮೂರನೆಯ ಶನಿವಾರ ಬರುತ್ತೇನೆಂಬ ಮಾತು ತೆಗೆದುಕೊಂಡು ಬಂದರು.

ಆ ಶನಿವಾರಗಳಲ್ಲಿ ಪಾಠದ ದಾರಿಯೇ ಬದಲಾಯಿತು. ಪಠ್ಯದಲ್ಲಿದ್ದ ಕಾರು, ಚಿನ್ನದ ಉದಾಹರಣೆ ಬಿಟ್ಟು ಮೀನಿಗೆ ಬಂದರು. ಮಳೆಗಾಲದಲ್ಲಿ ಬಂಗುಡೆಯ ರೇಟು ಏರಿದರೆ ಮನೆಯಲ್ಲಿ ಎಂತ ಮಾಡ್ತೀರಿ ಎಂದು ಕೇಳಿದರು. ಒಣಮೀನು ತರ್ತೇವೆ ಎಂದ ಇಮ್ತಿಯಾಝ್. ಕುಚ್ಚಲಕ್ಕಿಯ ರೇಟು ಏರಿದರೆ? ಅಕ್ಕಿ ಬಿಡ್ಲಿಕ್ಕೆ ಆಗ್ತದಾ ಮೇಡಂ ಎಂದ. ರೇಟು ಏರಿದಾಗ ಯಾವುದನ್ನು ಬಿಡ್ತೇವೆ, ಯಾವುದನ್ನು ಬಿಡ್ಲಿಕ್ಕೆ ಆಗುದಿಲ್ಲ, ಸ್ಥಿತಿಸ್ಥಾಪಕತ್ವ ಅಂದರೆ ಅಷ್ಟೇ ಎಂದರು ಮೇಡಂ. ಕ್ರಮೇಣ ಇನ್ನೂ ಏಳೆಂಟು ಮಂದಿ ಬಂದು ಸೇರಿದರು. ಅವನು ಮುಂದಿನ ವರ್ಷ ಆ ಪೇಪರ್ ಬರೆದು ಪಾಸಾದ, ಪದವಿಯನ್ನೂ ಮುಗಿಸಿದ. ಆ ಫೀಡ್‌ಬ್ಯಾಕ್ ಬರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಕಳೆದ ಜೂನಿನಲ್ಲಿ ಹಿತೇಶ್ ಎಂಬ ಹೊಸ ಅಧ್ಯಾಪಕರು ಸೇರಿದರು. ಮೊದಲ ದಿನವೇ ಮೇಡಮ್ಮನ ಹತ್ತಿರ ಸಲಹೆ ಕೇಳಿದರು. ಚೀಟಿ ಬರೆಸಿ, ಹೆಸರು ಹಾಕಿಸಬೇಡಿ ಎಂದರು ಮೇಡಂ. ಹಾಜರಿ ಕರೆಯುವಾಗ ಮುಖ ನೋಡಿ. ಯಾರ ಮೇಲಾದರೂ ಅನುಮಾನ ಬಂದರೆ ಒಬ್ಬರನ್ನೇ ಕರೆದು ಕೇಳಿ, ಕ್ಲಾಸಿನಲ್ಲಿ ಬೇಡ. ಸತತ ಮೂರು ದಿನ ಬಾರದಿದ್ದರೆ ಫೋನು ಮಾಡಿ.

"ಇಷ್ಟು ಸಡಿಲ ಬಿಟ್ರೆ ಮೋಸ ಮಾಡ್ಲಿಕ್ಕಿಲ್ವಾ ಮೇಡಂ?"

"ಮಾಡ್ತಾರೆ. ಕೆಲವರು ಮಾಡಿಯೇ ಮಾಡ್ತಾರೆ. ನನಗೆ ಈಗಲೂ ಎಲ್ಲರ ಮೇಲೆ ಡೌಟು. ಆದ್ರೆ ಈಗ ಎಂತಾಯ್ತು ಅಂತ ಮೊದಲು ಕೇಳ್ತೇನೆ."

ಮರುವಾರ ಕುಲಶೇಖರದ ತೃಪ್ತಿ ಎಂಬ ಹುಡುಗಿ ಮೂರು ದಿನ ಕಾಣಿಸಲಿಲ್ಲ. ಮೇಡಂ ನಮ್ಮೆದುರೇ ಅವಳ ಮನೆಗೆ ಫೋನು ಮಾಡಿದರು. ಎತ್ತಿದ ತಾಯಿ, ಕಾಲೇಜಿನಿಂದ ಯಾರೂ ಹೀಗೆ ಫೋನು ಮಾಡುವುದಿಲ್ಲ, ನೀವು ಒಟಿಪಿ ಕೇಳುವ ಪೈಕಿಯವರಲ್ಲವಾ ಎಂದು ಬೈದು ಇಟ್ಟುಬಿಟ್ಟರು. ಹಿತೇಶ್ ನಗು ತಡೆದುಕೊಂಡರು. ಮರುದಿನ ಮೊದಲ ಗಂಟೆಗೆ ತೃಪ್ತಿ ಬಂದಳು. ಜೊತೆಗೆ ತಾಯಿಯೂ ಬಂದಿದ್ದರು. ಫೋನು ಮಾಡಿದ ಹೆಂಗಸು ನಿಜಕ್ಕೂ ಮೇಡಮ್ಮೇ ಹೌದೋ ಎಂದು ಕಣ್ಣಾರೆ ನೋಡಿ ಹೋಗಲು.