ಲೋಟದ ಬಾಯಿಂದ ಕತ್ತರಿಸಿದ ಚಂದಮಾಮ

ಬೆಳಿಗ್ಗೆ ಎರಡು ವರ್ಷದ ಮೊಮ್ಮಗಳಿಗಾಗಿ ಸಿಹಿ ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ತುಪ್ಪದಲ್ಲಿ ಹುರಿಯುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಡಿಯೂರಿನ ನಮ್ಮ ಹಳೇ ಅಡುಗೆಮನೆಯಲ್ಲಿ ಹೋಗಿ ನಿಂತೆ.

ಆಗ ನಮ್ಮ ಮನೆಯಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ತಿಂಡಿ. ಯಾರಾದರೂ ಮಲಗಿದರೆ ಮಾತ್ರ ಅಪ್ಪ ಸೈಕಲ್ ಹತ್ತಿ ಗಾಂಧಿಬಜಾರಿನಿಂದ ತರುತ್ತಿದ್ದರು. ಮೊಟ್ಟೆಯಂತೂ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅಮ್ಮ ಹಿತ್ತಾಳೆ ಲೋಟವನ್ನು ಬ್ರೆಡ್ಡಿನ ಮೇಲೆ ಬೋರಲಿಟ್ಟು ಒತ್ತಿ ದುಂಡಗೆ ಕತ್ತರಿಸುತ್ತಿದ್ದಳು. ಅದನ್ನು ಮೊಟ್ಟೆಯ ಬದಲು ಏಲಕ್ಕಿ ಹಾಲಿನಲ್ಲಿ ಅದ್ದಿ ಹುರಿದರೆ ಚಂದಮಾಮ. ಚಂದಮಾಮ ತಮ್ಮ ಪುಟ್ಟುವಿಗೆ, ಸುತ್ತ ಉಳಿದ ಅಂಚು ನನಗೆ.

ಮಾತು ಕಲಿಯುತ್ತಲೇ ಪುಟ್ಟು ಕಲಿತ ಸುಳ್ಳು ಒಂದೇ. "ಅಮ್ಮಾ, ನಂಗೆ ಜರ!"

ಅಮ್ಮ ಹಣೆ ಮುಟ್ಟಿ ನಗುತ್ತಿದ್ದಳು. "ಕಳ್ಳ, ತಣ್ಣಗಿದೀಯಲ್ಲೋ!"

ಒಂದು ಸಲ ನಿಜವಾಗಿಯೇ ಜ್ವರ ಬಂತು. ಅಮ್ಮ ಕೊಟ್ಟ ಚಂದಮಾಮವನ್ನು ಅವನು ನನ್ನ ಕಡೆ ಚಾಚಿದ. "ಅಕ್ಕ, ನೀನೇ ತಿನ್ನು."

ಮೊದಲ ಸಲ ಇಡೀ ಚಂದಮಾಮ ಸಿಕ್ಕಿತ್ತು. ಯಾಕೆ ಬೇಡವೆಂದ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಗಬಗಬನೆ ತಿಂದು ಬೆರಳನ್ನೂ ನೆಕ್ಕಿದೆ.

ಮೂರನೇ ದಿನ ಪುಟ್ಟು ತೀರಿಕೊಂಡ. ಆಮೇಲೆ ಯಾರಿಗೆ ಜ್ವರ ಬಂದರೂ ಅಮ್ಮ ಬ್ರೆಡ್ಡು ತರಿಸಲಿಲ್ಲ.

ಇವತ್ತು ಮೊಮ್ಮಗಳು ಒಂದು ಚೂರು ಕಚ್ಚಿ, ಉಳಿದದ್ದನ್ನು ನನ್ನ ಬಾಯಿಗೆ ಹಿಡಿದಳು. "ಅಜ್ಜಿ, ನೀನು ತಿನ್ನು."

ಬಾಯಿ ತೆರೆಯುವ ಮೊದಲೇ ನನ್ನ ಕೈ ಅವಳ ಹಣೆಗೆ ಹೋಯಿತು. ತಣ್ಣಗಿತ್ತು. ಮತ್ತೊಮ್ಮೆ ಮುಟ್ಟಿ ನೋಡಿದೆ.